ಮಂಚ ತಿರುಗುವಷ್ಟು ಜಾಗ

ಮೂರಡಿ ಆರಂಗುಲ. ನಿವೇತಾ ಟೇಪನ್ನು ಬಿಟ್ಟಳು, ಅದು ಸರ್ರನೆ ಡಬ್ಬಿಯೊಳಗೆ ಸುತ್ತಿಕೊಂಡಿತು. ಮತ್ತೆ ಎಳೆದು ಹಿಡಿದಳು. ಅಷ್ಟೇ. ರಾತ್ರಿ ಕಳೆಯುವುದರೊಳಗೆ ಗೋಡೆ ಒಂದಡಿ ಸರಿದಿರಬಹುದೆಂದು ಯಾರೂ ನಂಬುವುದಿಲ್ಲ, ಅವಳೂ ನಂಬಿರಲಿಲ್ಲ. ಆದರೂ ದಿಂಡಿಗಲ್ಲಿನಿಂದ ವೇದಸಂದೂರಿಗೆ ಬರುವ ಮೊದಲ ಬಸ್ಸಿನ ಕಿಟಕಿಗೆ ತಲೆ ಆನಿಸಿ ಕುಳಿತಿದ್ದಷ್ಟು ಹೊತ್ತೂ, ಹಿಂದಿನ ಸಲ ಅಳೆದದ್ದರಲ್ಲಿ ಏನೋ ತಪ್ಪಿರಬೇಕು, ಟೇಪಿನ ತುದಿಯ ಕೊಕ್ಕೆ ಇಟ್ಟಿಗೆಯ ಸಂದಿಗೆ ಸಿಕ್ಕಿರಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದಳು. ಬಾಗಿಲು ದಾಟಿದ ಕೂಡಲೆ ಎದುರಿಗೆ ಜಾಲಿಗೋಡೆ, ಇಟ್ಟಿಗೆ ಇಟ್ಟಿಗೆಯ ನಡುವೆ ಕೈ ತೂರುವಷ್ಟು ತೂತು ಬಿಟ್ಟು ಕಟ್ಟಿದ್ದು. ಅಲ್ಲಿ ಎಡಕ್ಕೆ ತಿರುಗಿದರೆ ಮನೆಯ ಒಳಗು. ಬಾಗಿಲಿಗೂ ಜಾಲಿಗೂ ನಡುವಿನ ಈ ಜಾಗಕ್ಕೆ ಅವಳ ನಕ್ಷೆಯಲ್ಲಿ ಒಂದು ಹೆಸರಿತ್ತು: ನಿಲುಗಡೆ. ಬಿಸಿಲಿನಿಂದ ಬಂದವರು ಇಲ್ಲಿ ಒಂದು ಕ್ಷಣ ನಿಲ್ಲುತ್ತಾರೆ, ಕಣ್ಣು ನೆರಳಿಗೆ ಹೊಂದಿಕೊಳ್ಳುತ್ತದೆ, ಒಳಗಿನ ಬದುಕು ಬೀದಿಗೆ ಕಾಣುವುದಿಲ್ಲ, ಗಾಳಿ ಮಾತ್ರ ಹಾಯುತ್ತದೆ. ಹೀಗೆಂದು ಮದುರೈಯಲ್ಲಿ, ಕಾಲೇಜಿನ ವಾಸ್ತುಶಿಲ್ಪ ಯೋಜನೆಯ ತೀರ್ಪುಗಾರರ ಮುಂದೆ ಹೇಳಿದ್ದಳು. ಅವರಲ್ಲೊಬ್ಬರು ಕನ್ನಡಕ ತೆಗೆದು, ಬಡವರ ಮನೆಗೂ ಒಂದು ಮರ್ಯಾದೆಯ ಮುಂಗಡೆ ಕೊಟ್ಟಿದ್ದೀಯಮ್ಮ ಎಂದರು. ಆ ಮಾತನ್ನು ಅವಳು ಹಾಸ್ಟೆಲಿನ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿದ್ದಳು.

ಮಂಚದ ಉದ್ದ ಆರಡಿ ಎರಡಂಗುಲ, ಅಗಲ ಎರಡೂಮುಕ್ಕಾಲು ಅಡಿ. ಅದನ್ನು ಅಳೆದದ್ದು ಹೋದ ವಾರ, ಹಳೆಯ ತಗಡಿನ ಗುಡಿಸಲನ್ನು ದಾಖಲೆಗಾಗಿ ಅಳೆಯುತ್ತಿರುವವಳಂತೆ ನಟಿಸುತ್ತ. ಈ ಮನೆ ಸಿಗಲಿರುವ ಮಾಯಾಂಡಿ ಅದರ ಮೇಲೆ ಮಲಗಿದ್ದ. ನಿದ್ದೆ ಬಂದಿದೆಯೆಂದುಕೊಂಡು ಅವಳು ಟೇಪನ್ನು ಅವನ ಕಾಲಬಳಿಯಿಂದ ತಲೆಯವರೆಗೆ ಎಳೆದಾಗ ಅವನು ಕಣ್ಣು ಮುಚ್ಚಿಕೊಂಡೇ ತಮಿಳಿನಲ್ಲಿ, "ಏನಮ್ಮಾ, ಪೆಟ್ಟಿಗೆ ಮಾಡ್ಸೋಕಾ?" ಎಂದು ಕೇಳಿ, ತನ್ನ ಹಾಸ್ಯಕ್ಕೆ ತಾನೇ ಮೂಗಿನಲ್ಲಿ ನಕ್ಕಿದ್ದ. ಆ ರಾತ್ರಿ ಅವಳು ಮೂರು ರೀತಿಯಲ್ಲಿ ಲೆಕ್ಕ ಮಾಡಿದಳು. ಮೂರೂವರೆ ಅಡಿಯ ಬಾಗಿಲ ದಾರಿಯೂ ಅಷ್ಟೇ ಅಗಲದ ನಿಲುಗಡೆಯೂ ಸೇರುವ ಮೂಲೆಯಲ್ಲಿ ಇಷ್ಟು ಅಗಲದ ಮಂಚ ತಿರುಗಬೇಕಾದರೆ ಅದರ ಉದ್ದ ನಾಲ್ಕೂವರೆ ಅಡಿ ದಾಟಬಾರದು. ಹತ್ತನೆಯ ತರಗತಿಯ ಹುಡುಗಿ ಮಾಡಬಹುದಾದ ಲೆಕ್ಕ.

ಒಂಬತ್ತು ವರ್ಷದ ಹಿಂದೆ ತೆಂಗಿನ ಮರದಿಂದ ಬಿದ್ದ ಮೇಲೆ ಮಾಯಾಂಡಿ ಎದ್ದು ಕೂತಿಲ್ಲ. ಬೆನ್ನು ಬಾಗುವುದಿಲ್ಲ, ಸರ್ಕಾರದವರು ಕೊಟ್ಟ ಗಾಲಿಕುರ್ಚಿ ಗುಡಿಸಲಿನ ಹಿಂದೆ ಕೋಳಿಗಳ ಪಾಲಾಗಿದೆ. ದಿನಾ ಬೆಳಗ್ಗೆ ಹೆಂಡತಿ ಮುನಿಯಮ್ಮಾಳ್ ತಲೆಯ ಕಡೆ, ಮಗಳು ಗೋಮತಿ ಕಾಲಿನ ಕಡೆ ಹಿಡಿದು, ಮಂಚದ ಸಮೇತ ಅವನನ್ನು ಹುಣಿಸೆ ಮರದ ಕೆಳಗೆ ತಂದಿಡುತ್ತಾರೆ. ಅಲ್ಲಿಂದ ಅವನಿಗೆ ಓಣಿಯೆಲ್ಲ ಕಾಣುತ್ತದೆ, ನುಗ್ಗೆ ತೋಟದಾಚೆ ದೊಡ್ಡ ರಸ್ತೆಯೂ. ನೂಲಿನ ಮಿಲ್ಲಿನ ಬಸ್ಸು ಅತ್ತ ತಿರುಗಿದ್ದನ್ನು ಮೊದಲು ಕಾಣುವವನು ಅವನು. ಅವನ ಕೂಗು ಕೇಳಿಯೇ ಹೆಂಗಸರು ಒದ್ದೆ ಜಡೆಯಲ್ಲಿ ಡಬ್ಬಿ ಹಿಡಿದು ಓಡಿಬರುವುದು. ಯಾರ ಮಗು ಬೋರಿನ ಗುಂಡಿಯ ಹತ್ತಿರ ಹೋಯಿತು, ಯಾರ ಮೇಕೆ ಯಾರ ಬೇಲಿ ನುಗ್ಗಿತು, ಮಲಗಿದ್ದಲ್ಲಿಂದಲೇ ಅವನಿಗೆ ಗೊತ್ತು. ನಾಳೆ ಆರು ಮನೆಗಳ ಬೀಗದ ಕೈ ಕೊಡುವ ಸಮಾರಂಭ. ಆಮೇಲೆ ಗುಡಿಸಲುಗಳನ್ನು ಕೆಡವಬೇಕೆಂಬುದು ದುಡ್ಡು ಕೊಟ್ಟ ಟ್ರಸ್ಟಿನವರ ನಿಯಮ. ಮಾಯಾಂಡಿಯನ್ನು ದುಪ್ಪಟಿಯಲ್ಲಿ ಎತ್ತಿ ಒಳಗೆ ತರುತ್ತಾರೆ, ಮಂಚವನ್ನು ಬರಿದು ಮಾಡಿ ಅಡ್ಡ ಹೊರಳಿಸಿ ತರುತ್ತಾರೆ. ತಂದಮೇಲೆ ಮಂಚ ಅವನ ಸಮೇತ ಹೊರಗೆ ಹೋಗುವುದು ಸಾಧ್ಯವಿಲ್ಲ. ಕನ್ನಡಕ ತೆಗೆದ ಆ ತೀರ್ಪುಗಾರರಿಗೆ ಇದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತೆ? ಈ ಪ್ರಶ್ನೆ ಬಂದಾಗಲೆಲ್ಲ ಅವಳ ಕೈ ಟೇಪಿಗೆ ಹೋಗುತ್ತಿತ್ತು.

ಗೊತ್ತಿತ್ತು. ಆರು ತಿಂಗಳ ಹಿಂದೆ, ಸುಣ್ಣದ ದಿನ. ಅವಳ ಕಾಲೇಜಿನ ಜೆಯರಾಜ್ ಸಾರ್ ಎಷ್ಟೋ ವರ್ಷಗಳಿಂದ ನಡೆಸಿಕೊಂಡು ಬಂದ ಪದ್ಧತಿ ಅದು: ಪಾಯ ತೋಡುವ ಮೊದಲು ಮನೆಯ ನಕ್ಷೆಯನ್ನು ಪೂರ್ತಿ ಅಳತೆಯಲ್ಲಿ ನೆಲದ ಮೇಲೆ ಸುಣ್ಣದ ಪುಡಿಯಿಂದ ಬರೆಯುವುದು, ಆ ಮನೆಯವರು ಅದರೊಳಗೆ ನಡೆದಾಡುವುದು, ಅಡುಗೆ ಮಾಡಿದಂತೆ ಕೂರುವುದು, ಮಲಗಿ ನೋಡುವುದು. ಬೇಡವಾದ ಗೆರೆಯನ್ನು ಅವರು ಕಾಲಿನಿಂದ ಅಳಿಸಬಹುದು, ಬೇಕಾದಲ್ಲಿ ಹಾಕಬಹುದು. ಒಂದು ಸಲ ಬರೆದಮೇಲೆ ವಿದ್ಯಾರ್ಥಿಗಳು ಸುಣ್ಣ ಮುಟ್ಟಕೂಡದು. ಸಾರ್ ಮಿಕ್ಕ ಯಾವುದಕ್ಕೂ ದನಿ ಏರಿಸುವವರಲ್ಲ, ಇದೊಂದಕ್ಕೆ ಏರಿಸುತ್ತಿದ್ದರು. ಅಂದು ಮುನಿಯಮ್ಮಾಳ್ ಸೀರೆ ಎತ್ತಿ ಹಿಡಿದು ಬಾಗಿಲಿನ ಗೆರೆ ದಾಟಿ ನಿಂತಳು. ಎದುರಿನ ಗೆರೆಯನ್ನು ನೋಡಿದಳು. ಬಟ್ಟೆ ಒಣಹಾಕುವವಳಂತೆ ಎರಡೂ ಕೈ ಚಾಚಿ ಮಂಚದ ಉದ್ದವನ್ನು ಅಳೆದು, ಮಗಳ ಕಡೆ ತಿರುಗಿದಳು.

"ಅಪ್ಪನ ಕಟ್ಲು ಇಲ್ಲಿ ತಿರುಗಾದಿಲ್ಲ ಕಣ್ಣು. ಮಲಗಿದ್ದೋನು ಮಲಗಿದ್ದಂಗೇ ಒಳಾಗೆ ಇರ್ಬೇಕಾತದೆ."

"ಸುಮ್ಮನಿರವ್ವಾ. ಇಲ್ದ ನ್ಯಾಯ ತಗದ್ರೆ ಕೊಡಾ ಮನೆನೂ ಕೊಡದೆ ಹೋದಾರು."

ಸಾರ್ ಏನೆಂದು ತಮಿಳಿನಲ್ಲಿ ಕೇಳಿದರು. "ಎಲ್ಲಾಂ ನಲ್ಲಾ ಇರುಕ್ಕು ಸಾರ್," ಎಲ್ಲ ಚೆನ್ನಾಗಿದೆ ಎಂದಳು ಗೋಮತಿ. ಆದರೆ ಮುನಿಯಮ್ಮಾಳ್ ಹೋಗುವಾಗ, ಚಪ್ಪಲಿಗೆ ಅಂಟಿದ ಸಗಣಿ ಒರೆಸುವವಳಷ್ಟು ಅಲಕ್ಷ್ಯದಿಂದ, ಆ ಗೆರೆಯ ಮೇಲೆ ಪಾದವನ್ನು ಎರಡು ಸಲ ಎಳೆದಳು. ನಡುವೆ ನಾಲ್ಕಡಿ ಗೆರೆ ಇಲ್ಲವಾಯಿತು. ಅದನ್ನು ಸಾರ್ ನೋಡಲಿಲ್ಲ. ನಿವೇತಾ ನೋಡಿದಳು. ಮರುದಿನ ಬೆಳಕು ಹರಿಯುವ ಮೊದಲು, ಇಲ್ಲೇ ಶಾಲೆಯ ಜಗಲಿಯಲ್ಲಿ ಮಲಗಿದ್ದವಳು ಎದ್ದು ಬಂದು, ಮೇಕೆ ತುಳಿದಿರಬೇಕು ಎಂದು ಬಾಯಿಬಿಟ್ಟು ಹೇಳಿಕೊಂಡು, ಕುಕ್ಕರಗಾಲಿನಲ್ಲಿ ಕೂತು ಗೆರೆಯನ್ನು ತುಂಬಿದಳು. ಸುತ್ತ ಯಾರೂ ಇರಲಿಲ್ಲ. ಯಾರೂ ಇಲ್ಲದಿದ್ದಾಗ ಮೇಕೆಯ ಸುದ್ದಿ ಯಾರಿಗೆ ಹೇಳಿದೆ ಎಂದು ಈಗ ಅವಳಿಗೆ ಅನ್ನಿಸುತ್ತದೆ.

ಅವರಿಬ್ಬರ ಮಾತು ಅವಳಿಗೆ ತಿಳಿಯುತ್ತದೆಂದು ಸಾರ್‌ಗೆ ಗೊತ್ತಿರಲಿಲ್ಲ. ಕಂಬಂನಲ್ಲಿ ದ್ರಾಕ್ಷಿ ಮಂಡಿ ಇಟ್ಟಿರುವ ಅವಳ ಅಪ್ಪನ ಮನೆಯಲ್ಲಿ ಆಡುವ ಮಾತೂ ಅದೇ, ತಮಿಳು ಬೆರೆತ ಹಳೆಯ ಕನ್ನಡ. ಅಜ್ಜಿ ಓಚ್ಚಮ್ಮಾಳ್ ಸಾಯುವವರೆಗೂ ಬೇರೆ ಮಾತಿನಲ್ಲಿ ಬೈದವಳಲ್ಲ. ಎರಡನೆಯ ವರ್ಷ ದೇವಸ್ಥಾನಗಳನ್ನು ನೋಡಲು ಬೇಲೂರಿಗೆ ಹೋದಾಗ ನಿವೇತಾ, ಇಷ್ಟು ದಿನ ಬಚ್ಚಿಟ್ಟಿದ್ದ ಒಡವೆಯನ್ನು ಹೊರಗೆ ತೆಗೆಯುವ ಹೆಮ್ಮೆಯಲ್ಲಿ, ಬಸ್ ಸ್ಟ್ಯಾಂಡಿನ ಚಹದಂಗಡಿಯವನಿಗೆ "ಅಣ್ಣಾ, ಮೂರು ಟೀ ಕುಡು" ಎಂದಳು. ಅವನು ಅವಳನ್ನೇ ನೋಡಿ, ನಕ್ಕು, ಒಡಕು ತಮಿಳಿನಲ್ಲಿ ಉತ್ತರ ಕೊಟ್ಟ. ಅವಳ ತರಗತಿಯ ಶಿವಬಾಲನ್ ಪಕ್ಕದಲ್ಲಿದ್ದ. "ನಿನ್ನೂರಿನವರೇ ನಿನ್ನ ಒಪ್ಪಲಿಲ್ವಲ್ಲಾ, ಕಾವೇರಿಯಮ್ಮಾ," ಎಂದ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಶಿವಬಾಲನ್ ಎಲ್ಲರಿಗೂ ಹಾಗೆಯೇ ಹೆಸರಿಡುವವನು. ಆದರೂ ಮೂರು ಟೀಗಳೂ ತಣ್ಣಗಾಗುವವರೆಗೆ ಅವಳ ಕಿವಿ ಬಿಸಿಯಾಗಿತ್ತು. ಅಂದಿನಿಂದ ಅವ್ವನ ಫೋನು ಬಂದರೂ ನಾಲ್ಕು ಹೆಜ್ಜೆ ದೂರ ಹೋಗಿ ಮಾತಾಡುವುದು ಅಭ್ಯಾಸವಾಯಿತು. ಹಾಗಾಗಿ ಸುಣ್ಣದ ದಿನ, ಸಾರ್, ಅವರು ಹೀಗೆಂದರು ಎಂದು ಹೇಳಬೇಕಾದರೆ, ನಿನಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ದಾಟಬೇಕಿತ್ತು. ಇದು ಒಂದು ಕಾರಣ. ಇನ್ನೊಂದು ಜಾಲಿಗೋಡೆಯೇ. ಯಾವುದು ಎಷ್ಟು ಪಾಲು ಎಂದು ಅವಳು ಹಲವು ಸಲ ಬಿಡಿಸಿ ನೋಡಿದ್ದಳು. ಬಿಡಿಸುತ್ತಿದ್ದಾಗ ತನ್ನ ಬಗ್ಗೆ ಒಂದು ಬಗೆಯ ಮೆಚ್ಚುಗೆಯೂ ಹುಟ್ಟಿಬಿಡುತ್ತಿತ್ತು, ಅದು ಎಲ್ಲಕ್ಕಿಂತ ಅಸಹ್ಯವಾಗುತ್ತಿತ್ತು.

"ಏನು ತಾಯಿ, ಇಷ್ಟು ಬೇಗ?" ಮುನಿಯಮ್ಮಾಳ್ ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ನಿವೇತಾಳೊಡನೆ ಆಡುವುದು ತಮಿಳನ್ನೇ. "ಕಾಪಿ ಕುಡಿದ್ಯಾ?"

"ಆಯ್ತಮ್ಮಾ," ಎಂದು ನಿವೇತಾ ಸುಳ್ಳು ಹೇಳಿದಳು.

ಮುನಿಯಮ್ಮಾಳ್ ನೆಲ ಒರೆಸತೊಡಗಿದಳು. ಸಿಮೆಂಟಿನ ಕಲೆಯನ್ನು ಉಗುರಿನಿಂದ ಕೆರೆದಳು. ತನ್ನ ಮನೆಯನ್ನು ಒರೆಸುವವಳ ಹಾಗಿರಲಿಲ್ಲ ಅದು, ಮದುವೆ ಮನೆಗೆ ಕೂಲಿಗೆ ಬಂದವಳ ಹಾಗಿತ್ತು. ಇಲ್ಲ, ಹಾಗೆ ಕಂಡದ್ದು ತನಗೆ, ತಾನು ಹಾಗೆ ಕಾಣಬೇಕೆಂದು ನೋಡಿದ್ದರಿಂದ. ಹೊರಗೆ ಹುಣಿಸೆಯ ಕೆಳಗಿನಿಂದ ಮಾಯಾಂಡಿ ಯಾರನ್ನೋ, ಚಪ್ಪಲಿ ಹಾಕ್ಕೊಳ್ಳೇ, ಮುಳ್ಳಿದೆ ಎಂದು ಗದರುತ್ತಿದ್ದ. ನಿವೇತಾ ಬಾಯಿ ತೆರೆದಳು. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡು ಬಂದ ತಮಿಳು ವಾಕ್ಯಗಳು, ಒಂದೊಂದೂ ಶುದ್ಧವಾಗಿ, ಗಂಟಲಲ್ಲಿ ಸಾಲಾಗಿ ನಿಂತಿದ್ದವು. ಬಂದದ್ದು ಬೇರೆ.

"ಅವ್ವಾ, ಅಪ್ಪನ ಕಟ್ಲು ಇಲ್ಲಿ ತಿರುಗಾದಿಲ್ಲ."

ಮುನಿಯಮ್ಮಾಳ್ ಒರೆಸುವುದನ್ನು ನಿಲ್ಲಿಸಲಿಲ್ಲ. ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ, ಹಿಂಡಿ, ಮತ್ತೆ ನೆಲಕ್ಕೆ ಹಾಕಿದಳು.

"ಈಗಾರಾ ಬಾಯಿ ಬಂತಾ," ಎಂದಳು, ಮನೆಮಾತಿನಲ್ಲಿ.

"ನಿಮಗೆ... ನನಗೆ ತಿಳೀತದೆ ಅಂತ ಗೊತ್ತಿತ್ತಾ?"

"ಇಟ್ಟಿಗೆ ರಾಸಿ ಹಿಂದುಕ್ಕೆ ನಿಂತ್ಕೊಂಡು ನಿಮ್ಮವ್ವನ ಕೂಡೆ ಮಾತಾಡ್ತಿದ್ದೆ ನೀನು. ಪೋನ್ನಾಗೆ. ಮೊಸರನ್ನ ತಿಂದೆ, ಮೈ ಸೆರಿಯಾಗಿ ಅದೆ ಅಂತ. ನಮ್ಮ ಪುಳ್ಳೆ ಒಂದು ಇವರೊಳಗೆ ಅದೆ, ಬಿಡು ಅಂತ ಗೋಮತಿ ಅಪ್ಪಂಗೆ ಯೋಳ್ದೆ. ಸಾರ್ ಮುಂದೆ ನಾನು ಅದು ಬ್ಯಾಡ ಇದು ಬ್ಯಾಡ ಅಂತ ನಿಲ್ಲಾಕಾತದಾ? ನಿನ್ನ ಕಿವಿಗೆ ಬೀಳ್ಲಿ ಅಂತಾನೇ ಅಂಗೆ ಯೋಳಿದ್ದು. ಪುಳ್ಳೆ ನೋಡ್ಕೊಂತದೆ ಅಂದ್ಕೊಂಡೆ."

ಪುಳ್ಳೆ, ಮನೆಯ ಮಗು ಎಂದ ಆ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಿಲ್ಲಲು ಒಂದು ಜಾಗ ಸಿಗುತ್ತಿತ್ತು. ತಾನು ಕದ್ದು ಕೇಳಿದ್ದೆ ಎಂದು ಆರು ತಿಂಗಳು ನಂಬಿಕೊಂಡಿದ್ದ ಮಾತು ತನಗಾಗಿಯೇ ಆಡಿದ್ದು, ತನ್ನ ಕೈಗೆ ಕೊಟ್ಟದ್ದು. ಯಾವ ಕಾರಣವೂ ಇಲ್ಲದೆ ಬಾಗಿಲ ಚೌಕಟ್ಟಿನ ಬಣ್ಣ ಸರಿಯಾಗಿ ಕೂತಿಲ್ಲವೆಂಬುದು ನಿವೇತಾಳ ಕಣ್ಣಿಗೆ ಬಿತ್ತು, ಅದನ್ನು ಇಂದೇ ತಿಕ್ಕಬೇಕು ಎಂದುಕೊಂಡಳು.

"ಮತ್ತೆ ಮತ್ತೆ ಯೋಳ್ಬೌದಿತ್ತಲ್ಲ ಅವ್ವಾ. ಗೋಡೆ ಎದ್ದಾಗ."

"ನೀನು ಕೇಳ್ದೋಳು, ಸುಮ್ಮನಿದ್ದೆ. ಓದ್ದೋಳು. ಏನೋ ಕಾರಣ ಇರ್ತದೆ ಅಂದ್ಕೊಂಡೊ."

ಹತ್ತು ಗಂಟೆಗೆ ಜೆಯರಾಜ್ ಸಾರ್ ಬಂದರು, ಹಿಂದೆ ಶಿವಬಾಲನ್, ಅವನ ಕೈಯಲ್ಲಿ ನಾಳೆಯ ಬ್ಯಾನರಿನ ಸುರುಳಿ. ಮೇಸ್ತ್ರಿ ಶರವಣನ್ ಪಕ್ಕದ ಮನೆಯ ಮೆಟ್ಟಿಲಿಗೆ ಕೊನೆಯ ಗಾರೆ ಹಾಕುತ್ತಿದ್ದ. ನಿವೇತಾ ಅವರು ಚಪ್ಪಲಿ ಬಿಡುವುದನ್ನೂ ಕಾಯಲಿಲ್ಲ. ಕಾದರೆ ತಾನು ಏನು ಮಾಡುತ್ತೇನೆಂದು ಅವಳಿಗೆ ಗೊತ್ತಿತ್ತು. "ಸಾರ್, ಈ ಮನೆಯಲ್ಲಿ ಜಾಲಿಗೋಡೆಯ ಗೆರೆಯನ್ನ ಅಮ್ಮ ಅಳಿಸಿದ್ದರು. ನಾನು ಮತ್ತೆ ಹಾಕಿದೆ." ಮಂಚದ ಅಳತೆ ಹೇಳಿದಳು. ಅವರು ಅಂದು ಏನೆಂದರೆಂಬುದನ್ನೂ ಹೇಳಿದಳು. ಶಿವಬಾಲನ್ ಬಾಯಲ್ಲಿ ಬಂದಿದ್ದ ಯಾವುದೋ ತಮಾಷೆಯನ್ನು ನುಂಗಿಕೊಂಡದ್ದು ಕಂಡಿತು.

ಸಾರ್ ಕೂಗಾಡಲಿಲ್ಲ. ಮುನಿಯಮ್ಮಾಳ ಕಡೆ ತಿರುಗಿ, "ನಿಜವಾಮ್ಮಾ? ಈ ಗೋಡೆ ಬೇಡ ಅಂದಿರಾ?" ಎಂದು ಕೇಳಿದರು.

ಮುನಿಯಮ್ಮಾಳ್ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನಿವೇತಾಳನ್ನು ಒಮ್ಮೆ ನೋಡಿದಳು. "ಇಲ್ಲ ಸಾರ್. ನಲ್ಲಾ ಇರುಕ್ಕು. ಇರ್ಲಿ ಬಿಡಿ. ಪಾಪ, ಸಣ್ಣ ಹುಡುಗಿ."

ಸಾರ್ ಹಣೆ ಉಜ್ಜಿಕೊಂಡರು. ಅವರಿಗೆ ಅದೊಂದು ದಾರಿಯಂತೆ ಕಂಡಿರಬೇಕು. "ನೋಡಿ, ಸೋಮವಾರ ಇದನ್ನ ತೆಗೆಸ್ತೀನಿ. ನನ್ನ ಮಾತು. ನಾಳೆ ಟ್ರಸ್ಟಿನವರು ನೋಡೋಕೆ ಬರೋದೇ ಈ ಗೋಡೇನ. ಒಡೆದ ಮನೆ ಹೇಗೆ ತೋರಿಸೋದು? ಸೋಮವಾರ, ಆಯ್ತಾ?"

"ಆಯ್ತು ಸಾರ್," ಎಂದಳು ಮುನಿಯಮ್ಮಾಳ್ ತಕ್ಷಣ. ನಿವೇತಾಳ ತಲೆಯೂ ಆಡಿತು. ಸಾರ್ ಸುಳ್ಳು ಹೇಳುವವರಲ್ಲ. ಸೋಮವಾರ ಮನೆ ಟ್ರಸ್ಟಿನ ಕಾಗದದಲ್ಲಿರುತ್ತದೆ, ಒಡೆಯಲು ಅವರ ಸಹಿ ಬೇಕು, ಸಹಿ ಹಾಕುವವರು ಚೆನ್ನೈಯಲ್ಲಿ, ಸಾರ್‌ಗೆ ಪರೀಕ್ಷೆಯ ಕೆಲಸ ಶುರು. ಇದೆಲ್ಲ ಅವಳಿಗೆ ಒಂದೇ ನೋಟದಲ್ಲಿ ಕಂಡಿತು. ಕಂಡರೂ, ತಾನು ಹೇಳಬೇಕಾದ್ದನ್ನು ಹೇಳಿ ಆಯಿತು ಎಂಬ ಹಗುರ ಮೈಯಲ್ಲಿ ಹರಡುತ್ತಿತ್ತು. ತಪ್ಪೊಪ್ಪಿಕೊಂಡೆ. ಇನ್ನು ದೊಡ್ಡವರ ಪಾಲು. ಬಿಸಿನೀರಿನ ಸ್ನಾನದ ಹಾಗಿತ್ತು ಅದು.

ಬಾಗಿಲ ಹೊರಗೆ ಗೋಮತಿ ನಿಂತಿದ್ದಳು, ನಸುಕಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಾಗಿನ ಮಿಲ್ಲಿನ ನೀಲಿ ಕೋಟಿನಲ್ಲೇ, ಕೂದಲ ಮೇಲೆ ಹತ್ತಿಯ ಎಳೆಗಳು. ನಿವೇತಾಳಿಗಿಂತ ಮೂರೋ ನಾಲ್ಕೋ ವರ್ಷ ದೊಡ್ಡವಳು. ಇಷ್ಟು ದಿನದಲ್ಲಿ ಅವಳು ನಿವೇತಾಳೊಡನೆ ಆಡಿದ ಮಾತು ಹತ್ತು ದಾಟಿರಲಿಕ್ಕಿಲ್ಲ.

"ಸೋಮವಾರ ಬಂದು ಒಡೀತೀರಾ," ಎಂದಳು ಮನೆಮಾತಿನಲ್ಲಿ, ಮೆಲ್ಲಗೆ, "ಇಲ್ಲಾ ಮುಂಜಾನೆ ಎದ್ದು ಬಂದು ಮತ್ತೆ ಕಟ್ಬುಡ್ತೀಯಾ?"

ನಿವೇತಾ ಅವಳನ್ನು ನೋಡಿದಳು.

"ಅವತ್ತು ಪಾಳಿ ಬಿಟ್ಟು ಬತ್ತಿದ್ದೆ. ಸುಣ್ಣದ ಡಬ್ಬಾ ಇಟ್ಕೊಂಡು ಕುಂತಿದ್ದೆ ನೀನು. ಚೆಂದಾಗಿ ಹಾಕ್ತಿದ್ದೆ, ರಂಗೋಲಿ ಕೋಲ ಹಾಕಿದಂಗೆ."

"ಏನಂತೆ?" ಎಂದು ಕೇಳಿದರು ಸಾರ್. ಯಾರೂ ತರ್ಜುಮೆ ಮಾಡಲಿಲ್ಲ. ನಿವೇತಾಳ ಮೈಯ ಹಗುರ ಹೋಗಿತ್ತು. ಅವಳು ಅವರ ಪಕ್ಕದಿಂದ ಜಾಗ ಮಾಡಿಕೊಂಡು ಹೊರಗೆ ಬಂದಳು, ಹುಣಿಸೆಯ ಕೆಳಗೆ ಹೋದಳು. ಮಾಯಾಂಡಿ ಕಣ್ಣರಳಿಸಿ ಅವಳನ್ನು ತಲೆಕೆಳಗಾಗಿ ನೋಡಿದ.

"ಅಪ್ಪಾ, ಎತ್ತಲಾ?"

"ಯಾವ ಕಡಿಕೆ?"

"ಒಳಾಕೆ."

"ನಾಳೆ ಅಲ್ವಾ ಹಾಲು ಉಕ್ಕಿಸಾದು," ಎಂದ ಅವನು. ಆಮೇಲೆ ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಎತ್ತು, ನೋಡಾನ. ಕಯ್ಯಾಗೆ ಬಲ ಅದಾ?"

ಗೋಮತಿ ಬಂದು ಕಾಲಿನ ಕಡೆ ಹಿಡಿದಳು. ನಿವೇತಾ ತಲೆಯ ಕಡೆ. ಭಾರ ಅವಳು ಎಣಿಸಿದ್ದಕ್ಕಿಂತ ಹೆಚ್ಚಿತ್ತು, ಹಗ್ಗದ ಗಂಟು ಅಂಗೈಯನ್ನು ಕೊರೆಯಿತು. ಈ ಭಾರವನ್ನು ಆ ಮುದುಕಿ ಒಂಬತ್ತು ವರ್ಷ ದಿನಕ್ಕೆರಡು ಸಲ. ಇಪ್ಪತ್ತು ಹೆಜ್ಜೆಗೆ ಮೂರು ಸಲ ನಿಂತರು. ಶಿವಬಾಲನ್ ಬ್ಯಾನರು ಕೆಳಗಿಟ್ಟು ಓಡಿಬಂದು ಒಂದು ಕೋಲು ಹಿಡಿದ, ಏನೂ ಕೇಳಲಿಲ್ಲ. ನಿವೇತಾ ಹಿಂದು ಹಿಂದಾಗಿ ನಡೆದು ಬಾಗಿಲು ದಾಟಿದಳು, ಬೆನ್ನು ಜಾಲಿಗೆ ತಾಗಿತು, ಎಡಕ್ಕೆ ಸರಿದಳು. ಮಂಚದ ತಲೆ ಅವಳೊಡನೆ ಒಂದು ಗೇಣು ತಿರುಗಿತು. ಆಮೇಲೆ ಒಂದು ಮೂಲೆ ಜಾಲಿಗೆ, ಇನ್ನೊಂದು ಪಕ್ಕ ಚೌಕಟ್ಟಿಗೆ ಕಚ್ಚಿ ನಿಂತಿತು. ಹಿಂದಿನಿಂದ ತಳ್ಳಿದರು. ಹೊಸ ಇಟ್ಟಿಗೆಯಿಂದ ಕೆಂಪು ಪುಡಿ ಉದುರಿತು. ಅಷ್ಟೇ. ಅವಳು ಒಳಗೆ, ಅವರೆಲ್ಲ ಹೊರಗೆ, ನಡುವೆ ಅಡ್ಡಲಾಗಿ ಮಾಯಾಂಡಿ, ಅವನ ಬಲ ಮೊಣಕೈ ಅವಳ ಜಾಲಿಗೆ ಒತ್ತಿಕೊಂಡು. ಅವನು ಆ ತೂತುಗಳನ್ನು ಹತ್ತಿರದಿಂದ ನೋಡಿದ. ಒಂದರೊಳಗೆ ಬೆರಳು ಹಾಕಿದ.

"ಗಾಳಿ ಚೆಂದಾಗಿ ಬತ್ತದೆ," ಎಂದ.

ಸಾರ್ ಬಾಗಿಲಲ್ಲಿ ಗೋಮತಿಯ ಹೆಗಲ ಮೇಲಿಂದ ನೋಡುತ್ತಿದ್ದರು. ಶಿವಬಾಲನ್‌ನ ತೋಳು ನಡುಗತೊಡಗಿತ್ತು. ಮುನಿಯಮ್ಮಾಳ್ ಹಿಂದಿನಿಂದ, "ಸಾಕು ತಾಯಿ, ಇಳಿಸ್ಬುಡಿ, ಅವರಿಗೆ ಬೆನ್ನು ನೋಯ್ತದೆ," ಎನ್ನುತ್ತಿದ್ದಳು. ಸಾರ್ ಕೈಗಡಿಯಾರ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡರು. "ಶರವಣಾ, ಹಾರೆ ತಗೊಂಡು ಬಾ," ಎಂದರು.

"ಮೊದ್ಲು ನನ್ನ ಹೊರಗೆ ಇಡ್ರಪ್ಪಾ," ಎಂದ ಮಾಯಾಂಡಿ, ಈ ಸಲ ತಮಿಳಿನಲ್ಲಿ, ಎಲ್ಲರಿಗೂ ತಿಳಿಯಲೆಂದು. "ಮಲಗಿದ್ದೋನ ಮೇಲೆ ಮನೆ ಕೆಡವಬೇಡಿ."

ಮಂಚ ಹಿಂದಕ್ಕೆ ಹೋಯಿತು. ನಿವೇತಾ ಒಳಗೇ ಉಳಿದು ಜಾಲಿಯ ಹಿಂದಕ್ಕೆ ಸರಿದಳು, ಅಂಗೈ ಉರಿಯುತ್ತಿತ್ತು. ಹೊರಗಿನ ಎಲ್ಲರೂ ಈಗ ಜಾಲಿಯ ತೂತುಗಳಲ್ಲಿ ತುಂಡು ತುಂಡಾಗಿ ಕಾಣುತ್ತಿದ್ದರು: ಒಂದು ನೀಲಿ ತೋಳು, ಹಾರೆಯ ತುದಿ, ಸೆರಗಿನ ಅಂಚು. ಮೇಲಿನ ಸಾಲಿನಿಂದ ಶುರು ಮಾಡು ಎಂದು ಮಾಯಾಂಡಿ ಶರವಣನ್‌ಗೆ ಹೇಳುತ್ತಿದ್ದ, ಇಟ್ಟಿಗೆ ಒಡೀಬೇಡ, ಬಿಡಿಸು, ಬಚ್ಚಲಿಗಾಗುತ್ತೆ. ಮೊದಲ ಏಟಿಗೆ ಗಾರೆ ಉದುರಿತು. ಆಗ ಅವಳ ಎದುರಿನ ತೂತಿನಲ್ಲಿ ಸಾರ್ ಅವರ ಬಾಯಿ ಕಾಣಿಸಿತು, ಮೀಸೆಯ ಒಂದು ತುದಿ, ಗಲ್ಲದ ನೆರೆತ ಕೂದಲು. ಉಳಿದ ಮುಖವನ್ನು ಇಟ್ಟಿಗೆ ಮುಚ್ಚಿತ್ತು.

"ನಿವೇತಾ. ಉಳಿದ ಐದು ಮನೆಗಳಲ್ಲಿ? ಅಲ್ಲೂ ಅಳಿಸಿದ ಗೆರೆ ಮತ್ತೆ ಹಾಕಿದ್ಯಾ?"

ಹಾರೆ ಎರಡನೆಯ ಸಲ ಬಿತ್ತು. ಅವರ ದನಿ ತಗ್ಗಿತ್ತು, ಬೇರೆ ಯಾರಿಗೂ ಕೇಳಿರಲಾರದು. ಇಲ್ಲ ಸಾರ್ ಎಂದರೆ ಅವರು ನಂಬುತ್ತಾರೆ. ನಂಬಲು ಕಾಯುತ್ತಿದ್ದಾರೆ, ಆ ಬಾಯಿ ಅರ್ಧ ತೆರೆದು ನಿಂತದ್ದರಿಂದಲೇ ಅದು ಗೊತ್ತಾಗುತ್ತಿತ್ತು.

"ಎರಡರಲ್ಲಿ, ಸಾರ್," ಎಂದಳು.

ಶರವಣನ್ ಇಟ್ಟಿಗೆಯನ್ನು ಅಲುಗಿಸಿ, ಎರಡೂ ಕೈಯಿಂದ ಹೊರಕ್ಕೆಳೆದ. ಅದು ಇದ್ದ ಜಾಗದಲ್ಲಿ ಬೆಳಕು ಬಂತು, ಸಾರ್ ಅವರ ಕಣ್ಣುಗಳು ಕಂಡವು, ಅವಳದ್ದೂ ಅವರಿಗೆ ಕಂಡಿರಬೇಕು.

"ಮೂರರಲ್ಲಿ," ಎಂದಳು.